ಯುದ್ಧದ ಆಕಾಶವನ್ನು ಮುಚ್ಚುವ ಹೊಣೆ ಯಾರದು, ಮುಚ್ಚದಿದ್ದವರನ್ನು ಕೇಳುವವರು ಯಾರು?

ನವನಗರದ ಓದುಗ, ಬಾಗಲಕೋಟೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಕೆಲಸ ಮಾಡುವ ನನ್ನ ಮಗ ದೋಹಾ ಮಾರ್ಗವಾಗಿ ಊರಿಗೆ ಬಂದು ಹೋಗುತ್ತಾನೆ. 2025ರ ಜೂನ್ 23ರಂದು ಕತಾರಿನ ಅಲ್ ಉದೈದ್ ವಾಯುನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸುವ ಸ್ವಲ್ಪ ಮುಂಚೆ ಕತಾರ್ ತನ್ನ ವಾಯುಪ್ರದೇಶವನ್ನು ಮುಚ್ಚಿ, ಬರುತ್ತಿದ್ದ ವಿಮಾನಗಳನ್ನು ಬೇರೆಡೆಗೆ ಕಳುಹಿಸಿತು. ಆ ಸುದ್ದಿ ಓದಿ ಸಮಾಧಾನವಾಯಿತಾದರೂ, ಹಾಗೆ ಮುಚ್ಚದ ದೇಶಗಳ ಮೇಲೆ ಹಾರುವಾಗ ಪ್ರಾಣ ಕಳೆದುಕೊಂಡವರ ಪ್ರಸಂಗಗಳೂ ನೆನಪಿಗೆ ಬಂದವು.

ಮಳೆಗಾಲದಲ್ಲಿ ಘಟಪ್ರಭೆ ಉಕ್ಕಿ ಸೇತುವೆ ಮುಳುಗಿದರೆ ಪೊಲೀಸರು ಬ್ಯಾರಿಕೇಡ್ ಇಟ್ಟು ರಸ್ತೆಯನ್ನು ಬಂದ್ ಮಾಡುತ್ತಾರೆಯೇ ಹೊರತು, ದಾಟಬಹುದೋ ಬಾರದೋ ಎಂಬ ತೀರ್ಮಾನವನ್ನು ಬಸ್ಸಿನ ಚಾಲಕನಿಗೆ ಬಿಡುವುದಿಲ್ಲ. ಆಕಾಶದಲ್ಲಿ ಈ ಕೆಲಸವನ್ನು ಮಾಡುವವರು ಯಾರು? 2014ರಲ್ಲಿ ಪೂರ್ವ ಉಕ್ರೇನಿನಲ್ಲಿ ಯುದ್ಧ ನಡೆಯುತ್ತಿರುವುದು ಜಗತ್ತಿಗೆಲ್ಲ ತಿಳಿದಿದ್ದರೂ ಮಲೇಷ್ಯಾದ ವಿಮಾನ ಅಲ್ಲಿಗೆ ಹೋದದ್ದು ಹೇಗೆ? ನಾಗರಿಕ ವಿಮಾನವನ್ನು ಹೊಡೆದುರುಳಿಸಿದ ಮೇಲೆ ಯಾರಿಗಾದರೂ ನಿಜವಾಗಿ ಶಿಕ್ಷೆ ಆಗಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ನಾನು ವಾಣಿಜ್ಯ ಓದಿದವನು. ತಾಂತ್ರಿಕ ಸಂಗತಿಗಳನ್ನು ಸ್ವಲ್ಪ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ನಿವೃತ್ತ ರೇಡಾರ್ ತಂತ್ರಜ್ಞ, ಸಾಂಬ್ರಾ

ಸರ್, ವಾಯುಪಡೆಯಲ್ಲಿ ರೇಡಾರ್ ಕೆಲಸ ಮಾಡಿ ನಿವೃತ್ತನಾಗಿ ಈಗ ಸಾಂಬ್ರಾದಲ್ಲಿದ್ದೇನೆ. ಸೇವೆಯ ಒಳಗಿನ ಯಾವ ಮಾತನ್ನೂ ಇಲ್ಲಿ ಬರೆಯುವುದಿಲ್ಲ. ತನಿಖಾ ವರದಿಗಳಲ್ಲಿ ಪ್ರಕಟವಾಗಿರುವುದನ್ನಷ್ಟೇ ಹೇಳುತ್ತೇನೆ.

ಮೊದಲ ಪ್ರಶ್ನೆಗೆ ಉತ್ತರ ಸರಳವಾಗಿದೆ, ಆದರೆ ಸಮಾಧಾನ ಕೊಡುವಂಥದ್ದಲ್ಲ. 1944ರ ಷಿಕಾಗೊ ಒಡಂಬಡಿಕೆಯ ಪ್ರಕಾರ ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಒಡೆಯ. ಸೇನೆಯ ಅಗತ್ಯಕ್ಕಾಗಿ ಅಥವಾ ಸಾರ್ವಜನಿಕ ಸುರಕ್ಷತೆಗಾಗಿ ವಾಯುಪ್ರದೇಶವನ್ನು ನಿರ್ಬಂಧಿಸುವ ಅಧಿಕಾರವನ್ನು ಅದರ 9ನೆಯ ವಿಧಿ ಆ ದೇಶಕ್ಕೇ ಕೊಟ್ಟಿದೆ. ಮಾಂಟ್ರಿಯಲ್‌ನಲ್ಲಿರುವ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಮಾರ್ಗಸೂಚಿಗಳನ್ನು ಬರೆಯಬಹುದೇ ಹೊರತು ಯಾವ ದೇಶದ ಆಕಾಶಕ್ಕೂ ಬೀಗ ಹಾಕಲಾರದು. ಮುಚ್ಚುವ ದೇಶ ‘ನೋಟಾಮ್’ ಎಂಬ ಸೂಚನೆಯನ್ನು ಹೊರಡಿಸುತ್ತದೆ, ವಿಮಾನ ಕಂಪನಿಗಳು ಅದನ್ನು ಓದಿ ಮಾರ್ಗ ಬದಲಿಸುತ್ತವೆ. ಸೂಚನೆ ಬಾರದಿದ್ದರೆ ದಾರಿ ತೆರೆದಿದೆ ಎಂದೇ ಅರ್ಥ. ಹೀಗಾಗಿ ಅಪಾಯವನ್ನು ಮುಂದಾಗಿ ಒಪ್ಪಿಕೊಳ್ಳಬೇಕಾದವರು ಆ ಯುದ್ಧದಲ್ಲಿ ಸ್ವತಃ ಸಿಕ್ಕಿಬಿದ್ದಿರುವ ಸರ್ಕಾರವೇ ಆಗಿರುತ್ತಾರೆ, ಮತ್ತು ಈ ವ್ಯವಸ್ಥೆಯ ದೊಡ್ಡ ದೋಷ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಆಕಾಶವನ್ನು ಮುಚ್ಚಿದರೆ ಮೇಲೆ ಹಾರುವ ವಿಮಾನಗಳಿಂದ ಬರುವ ಶುಲ್ಕ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ಪರಿಸ್ಥಿತಿ ತನ್ನ ಕೈಮೀರಿದೆ ಎಂದು ಆ ಸರ್ಕಾರ ಜಗತ್ತಿನ ಮುಂದೆ ಒಪ್ಪಿಕೊಂಡಂತಾಗುತ್ತದೆ.

ನೀವು ಕೇಳಿದ ಮಲೇಷ್ಯಾದ ವಿಮಾನ, ಅಂದರೆ ಎಂಎಚ್17ರ ವಿಷಯವನ್ನೇ ನೋಡಿ. ಆಮ್‌ಸ್ಟರ್‌ಡ್ಯಾಮ್‌ನಿಂದ ಕ್ವಾಲಾಲಂಪುರಕ್ಕೆ ಹೊರಟಿದ್ದ ಆ ಬೋಯಿಂಗ್ 777 ವಿಮಾನ 2014ರ ಜುಲೈ 17ರಂದು 33,000 ಅಡಿ ಎತ್ತರದಲ್ಲಿ ಹಾರುತ್ತಿತ್ತು. ಅದಕ್ಕೆ ಮೂರು ದಿನ ಮೊದಲು, ಜುಲೈ 14ರಂದು, ಉಕ್ರೇನಿನ ಸೇನೆಯ ಆಂಟೊನೊವ್ ಸಾಗಣೆ ವಿಮಾನವೊಂದನ್ನು ಅದೇ ಪ್ರದೇಶದಲ್ಲಿ ಸುಮಾರು 6,500 ಮೀಟರ್, ಅಂದರೆ 21,000 ಅಡಿಗಳಷ್ಟು ಎತ್ತರದಲ್ಲಿ ಹೊಡೆದುರುಳಿಸಲಾಗಿತ್ತು. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಅಷ್ಟು ಎತ್ತರಕ್ಕೆ ಏರುವುದಿಲ್ಲ. ಅದಕ್ಕಿಂತ ಬಲವಾದ ಆಯುಧವೊಂದು ಅಲ್ಲಿಗೆ ಬಂದಿದೆ ಎಂಬ ಸೂಚನೆ ಅಂದೇ ಸಿಕ್ಕಿತ್ತು. ಆದರೂ ಉಕ್ರೇನ್ 32,000 ಅಡಿಯವರೆಗಿನ ಆಕಾಶವನ್ನಷ್ಟೇ ಮುಚ್ಚಿ, ಅದರ ಮೇಲಿನದನ್ನು ತೆರೆದಿಟ್ಟಿತು. ಆ ವಿಮಾನವನ್ನು ಉರುಳಿಸಿದ, ವಾಹನದ ಮೇಲಿಂದ ಹಾರಿಸುವ ‘ಬುಕ್’ ಎಂಬ ಕ್ಷಿಪಣಿಯ ಮಟ್ಟಿಗೆ 32,000 ಅಡಿಗೂ 33,000 ಅಡಿಗೂ ಯಾವ ವ್ಯತ್ಯಾಸವೂ ಇಲ್ಲ; ಅದು ಅದರ ಎರಡು ಪಟ್ಟು ಎತ್ತರವನ್ನೂ ಮುಟ್ಟಬಲ್ಲದು. ಮಡಿದವರು 298 ಜನ, ಅವರಲ್ಲಿ 196 ಮಂದಿ ನೆದರ್ಲೆಂಡ್ಸ್ ಪ್ರಜೆಗಳು. ಆಕಾಶವನ್ನು ಪೂರ್ತಿ ಮುಚ್ಚಲು ಉಕ್ರೇನಿಗೆ ಸಾಕಷ್ಟು ಕಾರಣಗಳಿದ್ದವು ಎಂದು ಡಚ್ ಸುರಕ್ಷಾ ಮಂಡಳಿ 2015ರ ಅಕ್ಟೋಬರ್‌ನ ವರದಿಯಲ್ಲಿ ಸ್ಪಷ್ಟವಾಗಿ ಬರೆಯಿತು. ಆ ದಿನ ಮುಚ್ಚುವವರೆಗೆ 160 ವಿಮಾನಗಳು ಆ ಪ್ರದೇಶವನ್ನು ದಾಟಿದ್ದವು ಎಂಬುದೂ ಅದೇ ವರದಿಯಲ್ಲಿದೆ. ಹೊಡೆತ ಬಿದ್ದ ಹೊತ್ತಿನಲ್ಲಿ ನಮ್ಮ ಏರ್ ಇಂಡಿಯಾದ ದೆಹಲಿ–ಬರ್ಮಿಂಗ್‌ಹ್ಯಾಮ್ ವಿಮಾನವೂ ಸಮೀಪದಲ್ಲೇ ಇತ್ತು. ಕೊರಿಯಾದ ಎರಡು ಕಂಪನಿಗಳು ಮಾತ್ರ ಅದೇ ವರ್ಷದ ಮಾರ್ಚ್‌ನಿಂದಲೇ ಉಕ್ರೇನ್ ಮಾರ್ಗವನ್ನು ಬಿಟ್ಟಿದ್ದವು. ಅವರಿಗೆ ತೋಚಿದ ವಿವೇಕ ಉಳಿದವರಿಗೆ ಏಕೆ ತೋಚಲಿಲ್ಲ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಇನ್ನು ‘ರೇಡಾರ್‌ನಲ್ಲಿ ಪ್ರಯಾಣಿಕ ವಿಮಾನ ಎಂದು ಕಾಣಿಸುವುದಿಲ್ಲವೇ’ ಎಂದು ಬಹಳ ಜನ ಕೇಳುತ್ತಾರೆ. ನಾಗರಿಕ ವಿಮಾನ ನಿಯಂತ್ರಣದ ರೇಡಾರ್, ವಿಮಾನದೊಳಗಿನ ಟ್ರಾನ್ಸ್‌ಪಾಂಡರ್‌ಗೆ ಪ್ರಶ್ನೆ ಕೇಳಿ ಅದರ ಗುರುತನ್ನೂ ಎತ್ತರವನ್ನೂ ಉತ್ತರವಾಗಿ ಪಡೆಯುತ್ತದೆ. ಕ್ಷಿಪಣಿ ವಾಹನದ ಮೇಲಿನ ರೇಡಾರ್ ಕೆಲಸ ಬೇರೆ: ಅಲೆಯನ್ನು ಕಳುಹಿಸಿ, ಲೋಹದ ಮೈಗೆ ತಾಗಿ ಮರಳಿದ್ದನ್ನು ಒಂದು ಚುಕ್ಕೆಯಾಗಿ ತೋರಿಸುತ್ತದೆ. ‘ಇದು ನಮ್ಮದೇ’ ಎಂದು ಉತ್ತರಿಸುವ ಉಪಕರಣ ತಮ್ಮ ಸೇನೆಯ ವಿಮಾನಗಳಲ್ಲಿ ಮಾತ್ರ ಇರುತ್ತದೆ. ಉತ್ತರ ಬಾರದ ಚುಕ್ಕೆ ಶತ್ರುವಿನದೋ, ಅಮಾಯಕರದೋ ಎಂಬುದನ್ನು ಆ ಉಪಕರಣ ಹೇಳುವುದಿಲ್ಲ. ಬುಕ್ ವ್ಯವಸ್ಥೆಯನ್ನು ಪೂರ್ಣ ತುಕಡಿಯಾಗಿ ನಿಲ್ಲಿಸಿದರೆ ದೊಡ್ಡ ರೇಡಾರ್ ಹಾಗೂ ಆಜ್ಞಾ ವಾಹನ ಜೊತೆಗಿರುತ್ತವೆ, ಆದರೆ ಉಡಾವಣಾ ವಾಹನವೊಂದೇ ಸ್ವತಂತ್ರವಾಗಿಯೂ ಹಾರಿಸಬಲ್ಲದು, ಆಗ ಗುರುತಿಸುವ ಶಕ್ತಿ ತೀರ ಕಡಿಮೆಯಾಗುತ್ತದೆ.

ಟೆಹರಾನಿನಲ್ಲಿ ಆದದ್ದು ಇದಕ್ಕಿಂತ ನೋವಿನ ಸಂಗತಿ. 2020ರ ಜನವರಿ 8ರ ಬೆಳಗಿನ ಜಾವ ಇರಾನ್ ಇರಾಕಿನಲ್ಲಿದ್ದ ಅಮೆರಿಕದ ಸೈನಿಕರ ಮೇಲೆ ಕ್ಷಿಪಣಿ ಹಾರಿಸಿ, ಪ್ರತಿದಾಳಿ ಬಂದೀತೆಂದು ಕಾಯುತ್ತಿತ್ತು. ಆದರೆ ರಾಜಧಾನಿಯ ವಿಮಾನ ನಿಲ್ದಾಣವನ್ನು ತೆರೆದೇ ಇಟ್ಟಿತ್ತು. ಅಮೆರಿಕದ ವಿಮಾನಯಾನ ಇಲಾಖೆ ತನ್ನ ದೇಶದ ಕಂಪನಿಗಳು ಅಲ್ಲಿ ಹಾರಬಾರದೆಂದು ಅಷ್ಟರಲ್ಲಾಗಲೇ ಆದೇಶಿಸಿತ್ತು. ಕೀವ್‌ಗೆ ಹೊರಟ ಉಕ್ರೇನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್‌ನ ಪಿಎಸ್752 ವಿಮಾನ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಎರಡು ಕ್ಷಿಪಣಿಗಳು ಅದರತ್ತ ಹಾರಿದವು, 176 ಜನರೂ ಸತ್ತರು. ಇರಾನಿನ ವರದಿಯೇ ಹೇಳುವಂತೆ, ಸ್ಥಳ ಬದಲಿಸಿದ್ದ ಕ್ಷಿಪಣಿ ಘಟಕದ ದಿಕ್ಕನ್ನು ಮತ್ತೆ ಸರಿಹೊಂದಿಸಿರಲಿಲ್ಲ. ನೂರಕ್ಕೂ ಹೆಚ್ಚು ಡಿಗ್ರಿಗಳಷ್ಟು ತಪ್ಪಿತ್ತು. ಹೊರಗೆ ಹೋಗುತ್ತಿದ್ದ ವಿಮಾನ ಒಳಗೆ ನುಗ್ಗುತ್ತಿರುವಂತೆ ಅವರಿಗೆ ಕಂಡಿತು. ಉಪಕರಣದ ತಪ್ಪು, ಸಂಪರ್ಕದ ತಪ್ಪು, ಹಾರಿಸಿದವನ ಆತುರ ಎಲ್ಲವೂ ಇವೆ. ಆದರೆ ನಿಲ್ದಾಣವನ್ನು ಆ ನಾಲ್ಕು ಗಂಟೆ ಮುಚ್ಚಿದ್ದರೆ ಆ ತಪ್ಪುಗಳಲ್ಲಿ ಒಂದೂ ಪ್ರಯಾಣಿಕರನ್ನು ಮುಟ್ಟುತ್ತಿರಲಿಲ್ಲ.

ನಮ್ಮವರು ಇಂಥ ತಪ್ಪು ಮಾಡುವುದಿಲ್ಲ ಎಂದು ಯಾರೂ ಭಾವಿಸಬಾರದು. 2019ರ ಫೆಬ್ರವರಿ 27ರಂದು ಬಡಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಎಂಐ-17 ಹೆಲಿಕಾಪ್ಟರ್ ಅನ್ನು ಉರುಳಿಸಿತು. ವಾಯುಪಡೆಯ ಆರು ಸಿಬ್ಬಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ತೀರಿಕೊಂಡರು. ಅದು ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡರು. 2025ರ ಮೇ ತಿಂಗಳಿನಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ ಭಾರತ ಉತ್ತರ ಮತ್ತು ಪಶ್ಚಿಮದ 32 ವಿಮಾನ ನಿಲ್ದಾಣಗಳನ್ನು ಮುಚ್ಚಿದ್ದನ್ನು ನಾನು ಸರಿಯಾದ ಕ್ರಮವೆಂದೇ ಎಣಿಸುತ್ತೇನೆ. ಪಾಕಿಸ್ತಾನ ಡ್ರೋನ್‌ಗಳನ್ನು ಹಾರಿಸುತ್ತಲೇ ತನ್ನ ಆಕಾಶವನ್ನು ತೆರೆದಿಟ್ಟು, ನಾಗರಿಕ ವಿಮಾನಗಳನ್ನು ಗುರಾಣಿಯಂತೆ ಬಳಸಿಕೊಂಡಿತು ಎಂಬ ಆಕ್ಷೇಪವನ್ನು, ನಮ್ಮ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ ಕರ್ನಲ್ ಸೋಫಿಯಾ ಖುರೇಶಿ ಹಾಗೂ ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಅವರಿದ್ದ ಸುದ್ದಿಗೋಷ್ಠಿಯಲ್ಲಿ ಭಾರತ ದಾಖಲಿಸಿತು.

ಪ್ರಯಾಣ ಏಜೆಂಟ್, ವಿಜಯಪುರ

ಬಾಗಲಕೋಟೆಯ ಸಾಹೇಬರಿಗೆ ವ್ಯವಹಾರದ ಕಡೆಯಿಂದ ಒಂದೆರಡು ಮಾತು. ಟಿಕೆಟ್ ಕೊಳ್ಳುವಾಗ ಅದರ ಮೇಲೆ ಮುದ್ರಿತವಾದ ಕಂಪನಿಯ ಹೆಸರನ್ನಷ್ಟೇ ನೋಡದೆ, ವಿಮಾನವನ್ನು ನಿಜವಾಗಿ ಹಾರಿಸುವವರು ಯಾರು ಎಂಬ ಸಾಲನ್ನೂ ಓದಬೇಕು. ಎಂಎಚ್17ಕ್ಕೆ ಡಚ್ ಕಂಪನಿಯಾದ ಕೆಎಲ್ಎಂನ ಸಂಖ್ಯೆಯೂ ಇತ್ತು. ಹಿಂದಿನ ದಿನಗಳಲ್ಲಿ ಅದೇ ಸಂಖ್ಯೆಯ ವಿಮಾನ ಯಾವ ದಾರಿಯಲ್ಲಿ ಹೋಯಿತು ಎಂಬುದನ್ನು ಫ್ಲೈಟ್‌ರಾಡಾರ್24ನಂಥ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯಾದ ಇಎಎಸ್ಎ ಸಂಘರ್ಷ ವಲಯಗಳ ಬಗ್ಗೆ ಹೊರಡಿಸುವ ಪ್ರಕಟಣೆಗಳು ಸಾರ್ವಜನಿಕರಿಗೂ ಸಿಗುತ್ತವೆ. ಪ್ರಯಾಣ ವಿಮೆಯಲ್ಲಿ ಯುದ್ಧದಿಂದಾದ ಹಾನಿಯನ್ನು ಹೊರಗಿಟ್ಟಿರುವುದು ಸಾಮಾನ್ಯವಾದ್ದರಿಂದ ಷರತ್ತುಗಳ ಆ ಪುಟವನ್ನು ಬಿಡದೆ ಓದಿಸಿಕೊಳ್ಳಿ. ಇದಕ್ಕಿಂತ ಹೆಚ್ಚಿನ ಶಕ್ತಿ ಪ್ರಯಾಣಿಕನ ಕೈಯಲ್ಲಿಲ್ಲ.

ಜಮಖಂಡಿಯ ಇತಿಹಾಸ ಉಪನ್ಯಾಸಕ

ಸಾಂಬ್ರಾದವರ ವಿವರಣೆಗೆ ವಂದನೆಗಳು. ಆದರೆ ಮೂಲ ಪ್ರಶ್ನೆಯ ಎರಡನೆಯ ಭಾಗಕ್ಕೆ, ಅಂದರೆ ಶಿಕ್ಷೆಯ ಮಾತಿಗೆ, ಇತಿಹಾಸ ಕೊಡುವ ಉತ್ತರ ನಿರಾಶಾದಾಯಕವಾಗಿದೆ. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್, ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ 655 ವಿಮಾನವನ್ನು ಯುದ್ಧವಿಮಾನವೆಂದು ತಿಳಿದು ಹೊಡೆಯಿತು. 290 ಜನ ಸತ್ತರು. ಏರುತ್ತಿದ್ದ ವಿಮಾನವನ್ನು ಇಳಿಯುತ್ತಿದೆ ಎಂದು ನೌಕೆಯವರು ತಿಳಿದರು, ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ನಾಗರಿಕ ಪೈಲಟ್ ಕೇಳಲಾಗದ ಸೇನಾ ತರಂಗಾಂತರದಲ್ಲಿ ಕೂಗಿದರು. ಇರಾನ್ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, 1996ರಲ್ಲಿ ರಾಜಿಯಾಯಿತು, ಮೃತರ ಕುಟುಂಬಗಳಿಗೆಂದು 6.18 ಕೋಟಿ ಡಾಲರ್ ಸಂದಾಯವಾಯಿತು. ಕಾನೂನಿನ ಹೊಣೆಯನ್ನು ಮಾತ್ರ ಅಮೆರಿಕ ಒಪ್ಪಿಕೊಳ್ಳಲಿಲ್ಲ, ಮತ್ತು ಆ ನೌಕೆಯ ಕ್ಯಾಪ್ಟನ್‌ಗೆ ಅವರ ಅಧಿಕಾರಾವಧಿಯ ಸೇವೆಗಾಗಿ ಪದಕ ದೊರೆಯಿತು.

ನಮ್ಮ ದೇಶದ್ದೇ ಉದಾಹರಣೆ ಬೇಕಿದ್ದರೆ 1965ರ ಸೆಪ್ಟೆಂಬರ್ 19ನ್ನು ನೆನೆಯಬಹುದು. ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ್ ಮೆಹತಾ ಅವರಿದ್ದ ಸಣ್ಣ ಬೀಚ್‌ಕ್ರಾಫ್ಟ್ ವಿಮಾನವನ್ನು ಪಾಕಿಸ್ತಾನದ ಸೇಬರ್ ಜೆಟ್ ಕಛ್ ಗಡಿಯ ಬಳಿ ಉರುಳಿಸಿತು, ಒಳಗಿದ್ದ ಎಂಟೂ ಜನ ತೀರಿಕೊಂಡರು. ಪಂಚಾಯತ್ ರಾಜ್ ಪಾಠ ಮಾಡುವಾಗ ಅವರ ಸಮಿತಿಯ ಹೆಸರನ್ನು ಎಲ್ಲರೂ ಹೇಳುತ್ತೇವೆ, ಅವರ ಸಾವಿನ ಬಗ್ಗೆ ಯಾರೂ ಹೇಳುವುದಿಲ್ಲ. ಗುಂಡು ಹಾರಿಸಿದ ಪೈಲಟ್ 2011ರಲ್ಲಿ, ಮೃತ ಪೈಲಟ್‌ನ ಮಗಳಿಗೆ ವಿಷಾದದ ಪತ್ರ ಬರೆದರು. ಅಷ್ಟೇ. ವಿಚಾರಣೆ ಎಂಬುದು ನಡೆಯಲೇ ಇಲ್ಲ. ಹೀಗಿರುವಾಗ ಅಂತಾರಾಷ್ಟ್ರೀಯ ಕಾನೂನು ಎಂಬುದು ಬಲಹೀನರಿಗೆ ಹೇಳುವ ಸಮಾಧಾನದ ಮಾತಲ್ಲದೆ ಮತ್ತೇನು ಎಂದು ಕೇಳಬೇಕಾಗಿದೆ.

ವಕೀಲರು, ಬೆಳಗಾವಿ

ಉಪನ್ಯಾಸಕರೇ, ತಾವು ಹೇಳಿದ ಎರಡೂ ಪ್ರಸಂಗಗಳು ನಿಜ. ಆದರೂ 1988ರಲ್ಲಿ ಇಲ್ಲದ ಕೆಲವು ದಾರಿಗಳು ಈಗ ತೆರೆದಿವೆ ಎಂಬುದನ್ನು ದಾಖಲೆಗಳ ಆಧಾರದಲ್ಲಿ ಹೇಳಬಯಸುತ್ತೇನೆ.

1983ರ ಸೆಪ್ಟೆಂಬರ್ 1ರಂದು ಸೋವಿಯತ್ ಯುದ್ಧವಿಮಾನ ಕೊರಿಯಾದ 007 ಸಂಖ್ಯೆಯ ವಿಮಾನವನ್ನು ಉರುಳಿಸಿ 269 ಜನ ಸತ್ತ ಮೇಲೆ, ಷಿಕಾಗೊ ಒಡಂಬಡಿಕೆಗೆ ‘3 ಬಿಸ್’ ಎಂಬ ವಿಧಿಯನ್ನು 1984ರಲ್ಲಿ ಸೇರಿಸಲಾಯಿತು. ಹಾರುತ್ತಿರುವ ನಾಗರಿಕ ವಿಮಾನದ ವಿರುದ್ಧ ಯಾವ ದೇಶವೂ ಆಯುಧ ಬಳಸಬಾರದು ಎಂಬುದೇ ಅದರ ಸಾರ. ಅದು ಜಾರಿಗೆ ಬಂದದ್ದು 1998ರಲ್ಲಿ. ಹದಿನಾಲ್ಕು ವರ್ಷ ತಡವಾಗಿ.

ಎಂಎಚ್17ರ ಬಗ್ಗೆ ವಿಶೇಷ ನ್ಯಾಯಮಂಡಳಿ ರಚಿಸಬೇಕೆಂಬ ನಿರ್ಣಯವನ್ನು 2015ರಲ್ಲಿ ರಷ್ಯಾ ಭದ್ರತಾ ಮಂಡಳಿಯಲ್ಲಿ ವಿಟೋ ಮಾಡಿತು. ಆಗ ನೆದರ್ಲೆಂಡ್ಸ್ ತನ್ನದೇ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತು. 2022ರ ನವೆಂಬರ್ 17ರಂದು ಪೂರ್ವ ಉಕ್ರೇನಿನಲ್ಲಿ ರಷ್ಯಾ ಪರವಾಗಿ ಹೋರಾಡುತ್ತಿದ್ದ ಪಡೆಗಳ ನಾಯಕರಾದ ಗಿರ್ಕಿನ್, ದುಬಿನ್‌ಸ್ಕಿ, ಖರ್ಚೆಂಕೊ ಎಂಬ ಮೂವರಿಗೆ ಅವರ ಗೈರುಹಾಜರಿಯಲ್ಲೇ ಜೀವಾವಧಿ ಶಿಕ್ಷೆಯಾಯಿತು. ನಾಲ್ಕನೆಯ ಆರೋಪಿ ಪುಲಾತೊವ್ ಖುಲಾಸೆಯಾದನು. ಈ ಖುಲಾಸೆಯನ್ನು ನಾನು ವಿಚಾರಣೆಯ ದೌರ್ಬಲ್ಯವೆನ್ನದೆ, ಪ್ರಾಮಾಣಿಕತೆಯ ಗುರುತು ಎನ್ನುತ್ತೇನೆ. ಮೂವರಲ್ಲಿ ಯಾರೂ ಈ ಶಿಕ್ಷೆಗಾಗಿ ಡಚ್ ಜೈಲಿಗೆ ಬಂದಿಲ್ಲ ಎಂಬ ಆಕ್ಷೇಪ ಸಹಜ. ಆದರೆ ಆ ಬುಕ್ ವಾಹನ ರಷ್ಯಾದ ಕುರ್ಸ್ಕ್‌ನ 53ನೆಯ ದಳದ್ದು ಎಂದು ತನಿಖೆ ಕಲೆಹಾಕಿದ ಸಾಕ್ಷ್ಯಗಳು ಮುಂದಿನ ಎಲ್ಲ ಪ್ರಕರಣಗಳಿಗೂ ಬುನಾದಿಯಾದವು. 2025ರ ಮೇ 12ರಂದು ಐಸಿಎಒ ಮಂಡಳಿ, ರಷ್ಯಾ ‘3 ಬಿಸ್’ ವಿಧಿಯ ಬಾಧ್ಯತೆಯನ್ನು ಪಾಲಿಸಿಲ್ಲವೆಂದು ತೀರ್ಮಾನಿಸಿತು. ಅದೇ ವರ್ಷದ ಜುಲೈ 9ರಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವೂ ರಷ್ಯಾವನ್ನೇ ಹೊಣೆ ಮಾಡಿತು. ರಷ್ಯಾ ಇದನ್ನು ಒಪ್ಪದೆ ಐಸಿಎಒ ತೀರ್ಮಾನದ ವಿರುದ್ಧ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದೆ.

ಐಸಿಎಒ ಮಂಡಳಿಗೆ ಇಂಥ ವ್ಯಾಜ್ಯ ಕೇಳುವ ಅಧಿಕಾರವಿದೆ ಎಂಬ ಮಾತನ್ನು ಗಟ್ಟಿ ಮಾಡಿದ್ದು ನಮ್ಮದೇ ದೇಶ ಸೋತ ಒಂದು ಮೊಕದ್ದಮೆ. 1971ರ ಜನವರಿಯಲ್ಲಿ ಶ್ರೀನಗರದಿಂದ ಜಮ್ಮುವಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ವಿಮಾನವನ್ನು ಅಪಹರಿಸಿ ಲಾಹೋರಿನಲ್ಲಿ ಸುಟ್ಟ ಮೇಲೆ, ಭಾರತ ಪಾಕಿಸ್ತಾನದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಪಾಕಿಸ್ತಾನ ಮಂಡಳಿಗೆ ದೂರು ಕೊಟ್ಟಿತು, ಭಾರತ ಮಂಡಳಿಯ ಅಧಿಕಾರವನ್ನೇ ಪ್ರಶ್ನಿಸಿ ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, 1972ರಲ್ಲಿ ನ್ಯಾಯಾಲಯ ಭಾರತದ ಮೇಲ್ಮನವಿಯನ್ನು ತಿರಸ್ಕರಿಸಿತು. ಅಂದು ಹಾಕಿಕೊಟ್ಟ ದಾರಿಯಲ್ಲೇ ಇಂದು ನೆದರ್ಲೆಂಡ್ಸ್, ಆಸ್ಟ್ರೇಲಿಯಾ, ಕೆನಡಾ ಮೊದಲಾದವು ನಡೆಯುತ್ತಿವೆ. ಒಡಂಬಡಿಕೆಯ ಆಸರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ: 1999ರ ಆಗಸ್ಟ್‌ನಲ್ಲಿ ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ವಿಮಾನವನ್ನು ಭಾರತ ಉರುಳಿಸಿದಾಗ ಪಾಕಿಸ್ತಾನ ಹೇಗ್‌ಗೆ ಹೋಯಿತು, 2000ದ ಜೂನ್‌ನಲ್ಲಿ ನ್ಯಾಯಾಲಯ ತನಗೆ ವಿಚಾರಣೆಯ ಅಧಿಕಾರವಿಲ್ಲವೆಂದಿತು. ಅದು ಸೇನಾ ವಿಮಾನ, ಅದರ ನ್ಯಾಯಾನ್ಯಾಯ ಇಲ್ಲಿನ ವಿಷಯವಲ್ಲ. ಬಾಗಿಲು ಯಾವುದು ಎಂಬುದು ಕಾನೂನಿನಲ್ಲಿ ಎಷ್ಟು ಮುಖ್ಯ ಎಂದು ತೋರಿಸಲು ಹೇಳಿದೆ.

ಪಿಎಸ್752ರ ವಿಷಯದಲ್ಲಿ ಕೆನಡಾ, ಸ್ವೀಡನ್, ಉಕ್ರೇನ್, ಬ್ರಿಟನ್ ಸೇರಿ 2023ರಲ್ಲಿ ಇರಾನ್ ವಿರುದ್ಧ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿದವು, 2024ರಲ್ಲಿ ಐಸಿಎಒ ಮಂಡಳಿಗೂ ದೂರು ಕೊಟ್ಟವು. ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ಮಹತ್ವದ್ದು ಕೆನಡಾದ ಆಂಟಾರಿಯೊ ನ್ಯಾಯಾಲಯ 2024ರ ಜೂನ್‌ನಲ್ಲಿ ಕೊಟ್ಟ ತೀರ್ಪು. ಕ್ಷಿಪಣಿ ಹಾರಿಸಿದ್ದು ಇರಾನ್ ಆದರೂ, ಆ ಬೆಳಿಗ್ಗೆ ಟೆಹರಾನಿನಿಂದ ಹೊರಡುವ ಅಪಾಯವನ್ನು ಸರಿಯಾಗಿ ಅಳೆಯಲಿಲ್ಲವಾದ್ದರಿಂದ ವಿಮಾನ ಕಂಪನಿ ತನ್ನಿಂದ ನಿರ್ಲಕ್ಷ್ಯವಾಗಿಲ್ಲವೆಂದು ಸಾಬೀತುಪಡಿಸಲಾಗಲಿಲ್ಲ ಎಂದು ಅದು ಹೇಳಿತು. ‘ನೋಟಾಮ್ ಬಂದಿರಲಿಲ್ಲ, ಆದ್ದರಿಂದ ಹಾರಿದೆವು’ ಎಂಬ ಉತ್ತರ ಇನ್ನು ಮುಂದೆ ಕಂಪನಿಗಳನ್ನು ಸುಲಭವಾಗಿ ಕಾಪಾಡಲಾರದು. ಸರ್ಕಾರದ ಸೂಚನೆಗೆ ಕಾಯದೆ ಮಾರ್ಗ ಬದಲಿಸಲು ಕಂಪನಿಗೆ ಹಣದ ಕಾರಣವೊಂದು ಹುಟ್ಟಿತು, ಮತ್ತು ಉಪದೇಶಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟೆಲ್ಲ ಆದರೂ ಸಾಂಬ್ರಾದ ಸರ್ ಎತ್ತಿದ ಮಾತು ಹಾಗೆಯೇ ಉಳಿದಿದೆ. ಎಂಎಚ್17ರಲ್ಲಿ ಹೊಡೆದವರ ಪರವಾಗಿ ಆಯುಧ ತರಿಸಿದವರಿಗೆ ಶಿಕ್ಷೆಯಾಯಿತೇ ವಿನಾ, ಆಕಾಶವನ್ನು ತೆರೆದಿಟ್ಟ ಅಧಿಕಾರಿಗಳು ಯಾವ ನ್ಯಾಯಾಲಯದ ಕಟಕಟೆಯನ್ನೂ ಹತ್ತಲಿಲ್ಲ. 9ನೆಯ ವಿಧಿ ಮುಚ್ಚುವ ಅಧಿಕಾರವನ್ನು ಕೊಡುತ್ತದೆ, ಮುಚ್ಚಲೇಬೇಕೆಂಬ ಕರ್ತವ್ಯವನ್ನು ಸ್ಪಷ್ಟ ಶಬ್ದಗಳಲ್ಲಿ ವಿಧಿಸುವುದಿಲ್ಲ. ತಿದ್ದುಪಡಿ ಆಗಬೇಕಾದದ್ದು ಅಲ್ಲಿ.

ಜಮಖಂಡಿಯ ಇತಿಹಾಸ ಉಪನ್ಯಾಸಕ

ವಕೀಲರೇ, ತೀರ್ಪುಗಳ ವಿವರ ಓದಿ ನನ್ನ ನಿಲುವನ್ನು ಸ್ವಲ್ಪ ಸಡಿಲಿಸುತ್ತೇನೆ, ಪೂರ್ತಿ ಬಿಡುವುದಿಲ್ಲ. 2024ರ ಡಿಸೆಂಬರ್ 25ರಂದು ಬಾಕುವಿನಿಂದ ಗ್ರೋಜ್ನಿಗೆ ಹೊರಟ ಅಜರ್‌ಬೈಜಾನ್ ವಿಮಾನ ಕ್ಷಿಪಣಿಯ ಚೂರುಗಳಿಂದ ಜರ್ಜರಿತವಾಗಿ, ಕ್ಯಾಸ್ಪಿಯನ್ ಸಮುದ್ರವನ್ನು ದಾಟಿ ಕಜಕಸ್ತಾನದ ಅಕ್ತೌ ಬಳಿ ಬಿದ್ದು 67 ಜನರಲ್ಲಿ 38 ಜನ ಸತ್ತರು. ಗ್ರೋಜ್ನಿಯ ಮೇಲೆ ಡ್ರೋನ್ ದಾಳಿ ನಡೆಯುತ್ತಿದ್ದ ಹೊತ್ತಿನಲ್ಲಿ ಆ ವಿಮಾನ ಅಲ್ಲಿ ಇಳಿಯಲು ಯತ್ನಿಸುತ್ತಿತ್ತು. ರಷ್ಯಾದ ಅಧ್ಯಕ್ಷರು ಮೂರು ದಿನಗಳಲ್ಲಿ ಕ್ಷಮೆ ಕೇಳಿದರು, ಆದರೆ ತಮ್ಮ ಕ್ಷಿಪಣಿಗಳು ವಿಮಾನದ ಸಮೀಪ ಸಿಡಿದವೆಂಬುದನ್ನು ಬಾಯಿಬಿಟ್ಟು ಹೇಳಿದ್ದು 2025ರ ಅಕ್ಟೋಬರ್‌ನಲ್ಲಿ. ಎಂಎಚ್17ರ ಹತ್ತು ವರ್ಷಗಳ ಮೊಕದ್ದಮೆಗಳಿಂದ ಆ ದೇಶ ಆಕಾಶ ಮುಚ್ಚುವುದನ್ನು ಕಲಿಯಲಿಲ್ಲವಲ್ಲ?

ನಿವೃತ್ತ ರೇಡಾರ್ ತಂತ್ರಜ್ಞ, ಸಾಂಬ್ರಾ

ಕಲಿತವರೂ ಇದ್ದಾರೆ, ಗುರುಗಳೇ. 2022ರ ಫೆಬ್ರವರಿ 24ರಂದು ರಷ್ಯಾದ ಆಕ್ರಮಣ ಆರಂಭವಾದ ಬೆಳಿಗ್ಗೆಯೇ ಉಕ್ರೇನ್ ತನ್ನ ಇಡೀ ಆಕಾಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಿತು. ನಮ್ಮ ವಿದ್ಯಾರ್ಥಿಗಳನ್ನು ಕರೆತರಲು ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಆ ಸೂಚನೆಯನ್ನು ನೋಡಿ ಅರ್ಧ ದಾರಿಯಿಂದ ದೆಹಲಿಗೆ ಮರಳಿತು. ನಮ್ಮ ಮೂರೂ ಜಿಲ್ಲೆಗಳ ವೈದ್ಯಕೀಯ ವಿದ್ಯಾರ್ಥಿಗಳು ಪೋಲೆಂಡ್, ಹಂಗೇರಿ, ರೊಮೇನಿಯಾಗಳ ಗಡಿಯವರೆಗೆ ನೆಲದ ಮೇಲೆ ಬರಬೇಕಾದ್ದರಿಂದ ಬಹಳ ಕಷ್ಟಪಟ್ಟರು, ಮನೆಯವರು ವಿಮಾನವೇಕೆ ಹೋಗುತ್ತಿಲ್ಲವೆಂದು ಕೋಪಗೊಂಡರು. ಅದು ಸಹಜವೇ. ಆದರೆ ಆ ಮುಚ್ಚುಗಡೆ ಸರಿಯಾದ ನಿರ್ಧಾರವಾಗಿತ್ತು.

ನವನಗರದ ಓದುಗ, ಬಾಗಲಕೋಟೆ

ಎಲ್ಲರಿಗೂ ಕೃತಜ್ಞತೆಗಳು. ವಕೀಲರಲ್ಲಿ ಕೊನೆಯದಾಗಿ ಒಂದು ವಿನಂತಿ: ಅಂಥ ದುರಂತ ಸಂಭವಿಸಿದರೆ ನಮ್ಮಂಥ ಕುಟುಂಬ ಹೇಗ್‌ಗೋ ಕೆನಡಾಕ್ಕೋ ಹೋಗಿ ದಾವೆ ಹೂಡಲು ಸಾಧ್ಯವೇ? ಇಲ್ಲಿಯೇ ಏನಾದರೂ ದಾರಿಯಿದೆಯೇ?

ವಕೀಲರು, ಬೆಳಗಾವಿ

ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ದೇಶಗಳು ಮಾತ್ರ ವಾದಿಸಬಹುದು. ಕುಟುಂಬಗಳು ತಮ್ಮ ಸರ್ಕಾರವನ್ನು ಒತ್ತಾಯಿಸಬೇಕಾಗುತ್ತದೆ. ವಿಮಾನ ಕಂಪನಿಯ ವಿರುದ್ಧದ ಪರಿಹಾರದ ದಾವೆ ಬೇರೆ. 1999ರ ಮಾಂಟ್ರಿಯಲ್ ಒಡಂಬಡಿಕೆಗೆ ಭಾರತ 2009ರಲ್ಲಿ ಸೇರಿದೆ, 1972ರ ವಿಮಾನ ಸಾಗಣೆ ಕಾಯ್ದೆಯ ಮೂಲಕ ಅದು ನಮ್ಮಲ್ಲಿ ಜಾರಿಯಲ್ಲಿದೆ. ಪ್ರಯಾಣಿಕ ಸತ್ತರೆ ಅಥವಾ ಗಾಯಗೊಂಡರೆ, ಆತನ ಕಾಯಂ ವಾಸದ ದೇಶದಲ್ಲೂ ದಾವೆ ಹೂಡಬಹುದು; ಆ ಕಂಪನಿ ಆ ದೇಶಕ್ಕೆ ಸೇವೆ ನಡೆಸುತ್ತ, ಅಲ್ಲಿ ವ್ಯವಹಾರದ ನೆಲೆ ಹೊಂದಿರಬೇಕು. ಒಂದು ಮಿತಿಯವರೆಗೆ, ಅಂದರೆ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕನಿಗೆ 1,51,880 ಎಸ್‌ಡಿಆರ್‌ವರೆಗೆ, ಆದ ನಷ್ಟವನ್ನು ತೋರಿಸಿದರೆ ಸಾಕು, ಕಂಪನಿಯ ತಪ್ಪನ್ನು ನೀವು ಸಾಬೀತುಪಡಿಸಬೇಕಿಲ್ಲ. ಎಸ್‌ಡಿಆರ್ ಎಂಬುದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ರೂಪಾಯಿಯಲ್ಲಿ ಇದು ಒಂದೂವರೆ ಕೋಟಿಯನ್ನು ದಾಟುತ್ತದೆ. ಮಿತಿಯ ಮೇಲಿನ ಮೊತ್ತವನ್ನು ತಪ್ಪಿಸಿಕೊಳ್ಳಬೇಕಾದರೆ ತನ್ನ ನಿರ್ಲಕ್ಷ್ಯವಿರಲಿಲ್ಲ, ಅಥವಾ ಹಾನಿ ಸಂಪೂರ್ಣವಾಗಿ ಬೇರೆಯವರಿಂದಲೇ ಆಯಿತು ಎಂದು ಕಂಪನಿಯೇ ತೋರಿಸಬೇಕು. ಆಂಟಾರಿಯೊ ತೀರ್ಪು ಉಪಯೋಗಕ್ಕೆ ಬರುವುದು ಇಲ್ಲಿ.

ನಿಮ್ಮ ಮಗ ಜರ್ಮನಿಯಲ್ಲೇ ನೆಲೆಸಿದ್ದರೆ ಆತನ ಕಾಯಂ ವಾಸ ಯಾವುದು ಎಂಬುದರ ಮೇಲೆಯೇ ವಾದ ನಡೆಯುವ ಸಾಧ್ಯತೆಯಿದೆ. ಆದರೆ ಹೋಗಿಬರುವ ಟಿಕೆಟ್ಟಿನ ಗಮ್ಯಸ್ಥಾನ, ಟಿಕೆಟ್ ಕೊಂಡ ಸ್ಥಳ, ಕಂಪನಿಯ ಕೇಂದ್ರ ಕಚೇರಿ ಇವುಗಳ ಆಧಾರದಲ್ಲಿ ಬೇರೆ ದೇಶಗಳ ನ್ಯಾಯಾಲಯಗಳೂ ದೊರೆಯುತ್ತವೆ. ದಾವೆಗೆ ಇರುವ ಅವಧಿ ಎರಡೇ ವರ್ಷ. ವಿಮಾನ ತಲುಪಿದ ದಿನದಿಂದ, ತಲುಪದಿದ್ದರೆ ತಲುಪಬೇಕಾಗಿದ್ದ ದಿನದಿಂದ ಅದನ್ನು ಎಣಿಸುತ್ತಾರೆ. ಸರ್ಕಾರಗಳ ತನಿಖೆ ಮುಗಿಯಲಿ ಎಂದು ಕಾಯುತ್ತ ಕುಳಿತರೆ ಆ ಹಕ್ಕು ಕೈತಪ್ಪುತ್ತದೆ.